ಮನೆಯ ಗಣಕಯಂತ್ರವೂ ಲೈಸೆನ್ಸಿನ ತಕರಾರೂ

ಗೃಹಸ್ಥನ ಪೆಟ್ಟಿಗೆಯಲ್ಲಿ ಕಾಗದಪತ್ರಗಳಿಗೆ ಎಂದಿಗೂ ಕೊರತೆಯಿದ್ದುದಿಲ್ಲ. ಮನೆಯ ಕ್ರಯಪತ್ರ, ಕಂದಾಯದ ರಸೀತಿ, ಮಕ್ಕಳ ಜನನಪತ್ರ, ವಿಮೆಯ ಪಾಲಿಸಿ ಇವೆಲ್ಲವನ್ನೂ ನಮ್ಮ ಹಿರಿಯರು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಡುತ್ತಿದ್ದರು. ಈಗ ಇವುಗಳ ಸಾಲಿಗೆ ಕಣ್ಣಿಗೆ ಕಾಣದ ಇನ್ನೊಂದು ಪತ್ರವು ಬಂದು ಸೇರಿದೆ. ಅದೇ ಗಣಕಯಂತ್ರದ ತಂತ್ರಾಂಶದ ಲೈಸೆನ್ಸು. ಎಲ್ಲವೂ ಸರಿಯಾಗಿ ನಡೆಯುವ ತನಕ ಇಂತಹುದೊಂದು ಇರುವುದೆಂಬುದೇ ಮನೆಯವರಿಗೆ ತಿಳಿಯದು. ಒಂದು ದಿನ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕಾದ ಅಕ್ಷರಗಳು ಮೂಡಿ, ಲೈಸೆನ್ಸನ್ನು ದೃಢಪಡಿಸಲಾಗಲಿಲ್ಲವೆಂಬ ಸೂಚನೆಯು ಬಂದಾಗಲೇ ಅದರ ನೆನಪಾಗುವುದು.

ಆಗ ಮನೆಯಲ್ಲಿ ಉಂಟಾಗುವ ಗಾಬರಿಯು ಸಾಮಾನ್ಯವಾದುದಲ್ಲ. ಹಣ ಕೊಟ್ಟು ಕೊಂಡವನಿಗೆ ತಾನು ಕಳ್ಳನೆನಿಸಿಕೊಂಡೆನೇ ಎಂಬ ಸಂಕೋಚ. ಮಗನ ಪಾಠಗಳೂ ಮಗಳ ಮದುವೆಯ ಚಿತ್ರಗಳೂ ಮನೆಯ ಲೆಕ್ಕವೂ ಮಾಯವಾಗುವುವೇ ಎಂಬ ಭಯ. ಈ ಭಯದಲ್ಲಿ ಕೆಲವರು ಇದ್ದ ಲೈಸೆನ್ಸನ್ನೇ ಮತ್ತೊಮ್ಮೆ ಹಣ ತೆತ್ತು ಕೊಳ್ಳುವರು. ಕೆಲವರು ರಿಪೇರಿಯವನನ್ನು ಕರೆಯಿಸಿ, ಅವನು ಡಿಸ್ಕನ್ನು ಪೂರ್ತಿಯಾಗಿ ಅಳಿಸಿಹಾಕುವುದಕ್ಕೆ ಒಪ್ಪಿಬಿಡುವರು. ಮತ್ತೆ ಕೆಲವರು ಪರದೆಯ ಮೇಲೆ ಕಂಡ ಯಾವುದೋ ದೂರವಾಣಿಗೆ ಕರೆಮಾಡಿ ವಂಚಕರ ಕೈಗೆ ಸಿಕ್ಕುವರು. ಈ ಮೂರೂ ನಷ್ಟದ ದಾರಿಗಳೇ. ಬಹುಪಾಲು ಸಂದರ್ಭಗಳಲ್ಲಿ ಇವುಗಳಲ್ಲಿ ಒಂದೂ ಬೇಕಾಗಿರುವುದಿಲ್ಲ. ಆದುದರಿಂದ ಈ ತಕರಾರಿನ ಸ್ವರೂಪವೇನು, ಅದರ ಮೂಲವನ್ನು ಮನೆಯಲ್ಲಿಯೇ ಹುಡುಕುವ ಕ್ರಮವೇನು ಎಂಬುದನ್ನು ವಾಚಕರ ಮುಂದಿಡಬೇಕೆಂದು ಸಂಕಲ್ಪಿಸಿರುವೆವು. ನಮ್ಮ ಮನೆಗಳಲ್ಲಿ ವಿಶೇಷವಾಗಿ ಬಳಕೆಯಲ್ಲಿರುವುದು ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ ಆದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು.

ಲೈಸೆನ್ಸೆಂದರೇನು?

ಪಾತ್ರೆಯನ್ನು ಕೊಂಡರೆ ಪಾತ್ರೆಯು ನಮ್ಮದಾಗುವುದು. ತಂತ್ರಾಂಶವನ್ನು ಕೊಂಡಾಗ ನಮಗೆ ದೊರೆಯುವುದು ಅದನ್ನು ಬಳಸುವ ಅನುಮತಿ ಮಾತ್ರ. ಈ ಅನುಮತಿಗೆ ಗುರುತಾಗಿ ಇಪ್ಪತ್ತೈದು ಅಕ್ಷರಾಂಕಗಳ ಒಂದು ಕೀಲಿಯನ್ನು ಕೊಡುವರು. ಇದಕ್ಕೆ ‘ಪ್ರಾಡಕ್ಟ್ ಕೀ’ ಎಂದು ಹೆಸರು. ಒಂದೇ ಕೀಲಿಯಿಂದ ಹತ್ತಾರು ಮನೆಗಳವರು ಯಂತ್ರಗಳನ್ನು ತೆರೆಯುತ್ತಿದ್ದುದನ್ನು ತಡೆಯುವುದಕ್ಕಾಗಿ ೨೦೦೧ರಲ್ಲಿ ಹೊರಟ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಹೊಸ ಏರ್ಪಾಡನ್ನು ಮಾಡಿದರು. ಯಂತ್ರದೊಳಗಿನ ಭಾಗಗಳ ಲಕ್ಷಣಗಳನ್ನು ಕೂಡಿಸಿ ಮುದ್ರೆಯಂತಹ ಒಂದು ಸಂಖ್ಯೆಯನ್ನು ಮಾಡಿ, ಕೀಲಿಯ ಜೊತೆಯಲ್ಲಿ ಅದನ್ನು ಕಂಪೆನಿಯ ಕಚೇರಿಯ ಯಂತ್ರಕ್ಕೆ ಕಳುಹಿಸುವುದು. ಅಲ್ಲಿ ಈ ಎರಡನ್ನೂ ಜೋಡಿಸಿ ದಾಖಲೆಮಾಡುವರು. ಇದಕ್ಕೆ ಆಕ್ಟಿವೇಷನ್ ಎಂದು ಹೆಸರಾಯಿತು. ೨೦೧೫ರಲ್ಲಿ ಬಂದ ವಿಂಡೋಸ್ ೧೦ರಿಂದ ಮೊದಲ್ಗೊಂಡು ಅನೇಕ ಯಂತ್ರಗಳಲ್ಲಿ ಕೀಲಿಯನ್ನು ಬರೆಯುವ ಅವಶ್ಯಕತೆಯೂ ತಪ್ಪಿ, ಯಂತ್ರದ ಗುರುತೇ ಲೈಸೆನ್ಸಾಗಿ ನಿಂತಿತು. ಇದನ್ನು ಡಿಜಿಟಲ್ ಲೈಸೆನ್ಸು ಎನ್ನುವರು.

ಕಾಳಿದಾಸನ ಅಭಿಜ್ಞಾನಶಾಕುಂತಲದ ಕಥೆಯನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸಲಾರದು. ಅಭಿಜ್ಞಾನವೆಂದರೆ ಗುರುತು. ದುಷ್ಯಂತನು ಕೊಟ್ಟ ಮುದ್ರೆಯುಂಗುರವು ಶಕುಂತಲೆಯ ಬೆರಳಿನಿಂದ ಜಾರಿ ನೀರಿನ ಪಾಲಾಯಿತು. ರಾಜನು ಅವಳನ್ನು ತುಂಬಿದ ಸಭೆಯಲ್ಲಿ ಅರಿಯೆನೆಂದನು. ಉಂಗುರವು ಕಳೆದುದರಿಂದ ಅವಳು ಧರ್ಮಪತ್ನಿಯಲ್ಲದೆ ಹೋದಳೇ? ಇಲ್ಲ. ಗುರುತಿಸತಕ್ಕವನಿಗೆ ಗುರುತು ಸಿಕ್ಕಲಿಲ್ಲ, ಅಷ್ಟೆ. ಬೆಸ್ತನೊಬ್ಬನಿಗೆ ಮೀನಿನ ಹೊಟ್ಟೆಯಲ್ಲಿ ಉಂಗುರವು ದೊರೆತೊಡನೆ ಎಲ್ಲವೂ ರಾಜನ ನೆನಪಿಗೆ ಬಂದಿತು. ಲೈಸೆನ್ಸಿನ ದೋಷಸೂಚನೆಯನ್ನು ಕಂಡಾಗ ಗೃಹಸ್ಥರು ಮನಸ್ಸಿನಲ್ಲಿಡಬೇಕಾದ ಮುಖ್ಯ ಸಂಗತಿಯಿದು. ಯಂತ್ರವು ಗುರುತು ಸಿಕ್ಕಲಿಲ್ಲವೆಂದು ಮಾತ್ರ ಹೇಳುತ್ತಿದೆ. ನೀವು ಅಪ್ರಾಮಾಣಿಕರೆಂಬ ತೀರ್ಪನ್ನು ಅದು ಕೊಡಲಾರದು. ಉಂಗುರವು ಎಲ್ಲಿ ಜಾರಿತೆಂಬುದನ್ನು ಹುಡುಕುವುದೇ ನಮ್ಮ ಕೆಲಸ.

ಕೆಲವು ವೇಳೆ ಉಂಗುರವು ಬೆರಳಲ್ಲಿಯೇ ಇದ್ದರೂ ರಾಜನಿಗೆ ಮರೆವು ಕವಿಯುವುದುಂಟು. ೨೦೦೭ನೆಯ ಆಗಸ್ಟ್ ೨೪ರಂದು ಮೈಕ್ರೋಸಾಫ್ಟಿನ ದೃಢೀಕರಣದ ಯಂತ್ರಗಳಿಗೆ, ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ತಂತ್ರಾಂಶವನ್ನು ಕೆಲಸಗಾರರ ಕೈತಪ್ಪಿನಿಂದ ಹಾಕಲಾಯಿತು. ಇದರ ಫಲವಾಗಿ ಮರುದಿನದವರೆಗೂ ನ್ಯಾಯವಾಗಿ ಕೊಂಡ ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ಟಾ ಪ್ರತಿಗಳು ಖೋಟಾ ಎನಿಸಿಕೊಂಡವು. ಇಂತಹ ಯಂತ್ರಗಳ ಸಂಖ್ಯೆಯು ೧೨,೦೦೦ಕ್ಕಿಂತ ಕಡಮೆಯೆಂದು ಕಂಪೆನಿಯವರೇ ಪ್ರಕಟಿಸಿದರು. ೨೦೧೮ನೆಯ ನವೆಂಬರ್ ೮ರಂದು ಇದೇ ಬಗೆಯ ಇನ್ನೊಂದು ತೊಡಕಾಗಿ, ವಿಂಡೋಸ್ ೧೦ರ ‘ಪ್ರೊ’ ಆವೃತ್ತಿಗೆ ಹಣ ಕೊಟ್ಟಿದ್ದ ಅನೇಕರಿಗೆ ‘ನಿಮ್ಮ ಲೈಸೆನ್ಸು ಹೋಮ್ ಆವೃತ್ತಿಯದು’ ಎಂಬ ಸೂಚನೆಯು ಬಂದಿತು. ತೊಡಕು ಕಚೇರಿಯ ಕಡೆಯದಾಗಿದ್ದುದರಿಂದ ಅಲ್ಲಿಯೇ ಪರಿಹಾರವಾಯಿತು. ಅಂದು ಆತುರಪಟ್ಟು ಹೊಸ ಲೈಸೆನ್ಸನ್ನು ಕೊಂಡವರಿಗೆ ಹಣವು ದಂಡ. ಒಂದು ದಿನ ಸುಮ್ಮನಿದ್ದವರಿಗೆ ಯಾವ ನಷ್ಟವೂ ಆಗಲಿಲ್ಲ.

ನಿದಾನಕ್ರಮ

ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ನಿದಾನವೆಂದರೆ ರೋಗದ ಮೂಲಕಾರಣದ ನಿರ್ಣಯ. ಅದೇ ಪದವು ನಮ್ಮ ಆಡುಮಾತಿಗಿಳಿದು ತಾಳ್ಮೆಯೆಂಬ ಅರ್ಥವನ್ನು ಪಡೆದಿದೆ. ಎರಡು ಅರ್ಥಗಳೂ ಇಲ್ಲಿ ನಮಗೆ ಬೇಕು. ನಿದಾನವಾಗದೆ ಚಿಕಿತ್ಸೆಯಿಲ್ಲ. ಒಂದು ಸಾರಿಗೆ ಒಂದನ್ನೇ ಪರೀಕ್ಷಿಸಿ ಫಲವನ್ನು ನೋಡಿ ಮುಂದಕ್ಕೆ ಹೋಗತಕ್ಕದ್ದು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದೇ ತಿಳಿಯದೆ ಹೋಗುವುದು.

ಮೊದಲನೆಯದಾಗಿ, ಸೂಚನೆಯು ನಿಜವಾಗಿಯೂ ವಿಂಡೋಸಿನಿಂದ ಬಂದುದೇ ಎಂದು ನೋಡಬೇಕು. ಅಂತರ್ಜಾಲದ ಪುಟವನ್ನು ಓದುತ್ತಿರುವಾಗ ‘ನಿಮ್ಮ ಲೈಸೆನ್ಸು ಮುಗಿದಿದೆ, ಕೂಡಲೆ ಈ ನಂಬರಿಗೆ ಕರೆಮಾಡಿ’ ಎಂದು ಕೆಂಪಕ್ಷರಗಳೂ ಗಂಟೆಯ ಸದ್ದೂ ಒಟ್ಟಿಗೆ ಬಂದರೆ ಅದು ವಂಚನೆಯೆಂದೇ ತಿಳಿಯತಕ್ಕದ್ದು. ಅದನ್ನು ನಂಬಿ ಕರೆಮಾಡುವುದು ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟೆಂದಂತೆಯೇ ಸರಿ. ಕರೆಮಾಡಿದವರಿಂದ ವಂಚಕರು ಯಂತ್ರವನ್ನು ದೂರದಿಂದಲೇ ನಡೆಸುವ ಅಧಿಕಾರವನ್ನು ಪಡೆದು, ಬ್ಯಾಂಕಿನ ಗುಟ್ಟುಗಳನ್ನು ತಿಳಿದುಕೊಳ್ಳುವರು. ಹಾಗೆ ಹಣವನ್ನು ಕಳೆದುಕೊಂಡವರು ತಡಮಾಡದೆ ೧೯೩೦ ಎಂಬ ಸರ್ಕಾರದ ದೂರವಾಣಿಗೆ ದೂರು ಕೊಡಬೇಕು. ವಿಂಡೋಸಿನ ನಿಜವಾದ ಸ್ಥಿತಿಯನ್ನು ತಿಳಿಯಲು ‘ಸೆಟ್ಟಿಂಗ್ಸ್’ ಎಂಬುದನ್ನು ತೆರೆದು, ವಿಂಡೋಸ್ ೧೧ರಲ್ಲಾದರೆ ‘ಸಿಸ್ಟಮ್’ ಎಂಬಲ್ಲಿಯೂ, ವಿಂಡೋಸ್ ೧೦ರಲ್ಲಾದರೆ ‘ಅಪ್‌ಡೇಟ್ ಅಂಡ್ ಸೆಕ್ಯೂರಿಟಿ’ ಎಂಬಲ್ಲಿಯೂ ‘ಆಕ್ಟಿವೇಷನ್’ ಪುಟವನ್ನು ನೋಡಬೇಕು. ಅಲ್ಲಿ ದೋಷವಿಲ್ಲವಾದರೆ ಲೈಸೆನ್ಸಿಗೆ ದೋಷವಿಲ್ಲ.

ಇಲ್ಲಿಯೇ ಇನ್ನೆರಡು ಭ್ರಾಂತಿಗಳನ್ನು ಕಳೆದುಕೊಳ್ಳುವುದು ಲೇಸು. ಹೊಸ ಯಂತ್ರದ ಜೊತೆಯಲ್ಲಿ ಪತ್ರಗಳನ್ನು ಬರೆಯುವ ‘ಆಫೀಸ್’ ತಂತ್ರಾಂಶವನ್ನು ಪರೀಕ್ಷೆಗೆಂದು ಕೆಲವು ದಿನಗಳ ಮಟ್ಟಿಗೆ ಕೊಟ್ಟಿರುವುದುಂಟು. ಆ ಅವಧಿಯು ತೀರಿದಾಗ ಬರುವ ಸೂಚನೆಗೂ ವಿಂಡೋಸಿಗೂ ಸಂಬಂಧವಿಲ್ಲ. ಎರಡರ ಲೈಸೆನ್ಸೂ ಬೇರೆ ಬೇರೆ. ಹಾಗೆಯೇ ೨೦೨೫ನೆಯ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ರ ಸಾಮಾನ್ಯ ಪೋಷಣೆಯು ಮುಗಿಯಿತು. ಇದರಿಂದ ಹಳೆಯ ಯಂತ್ರಕ್ಕೆ ರಕ್ಷಣೆಯು ಕಡಮೆಯಾಯಿತೆಂಬುದು ನಿಜ. ಆದರೆ ಅದರ ಲೈಸೆನ್ಸು ರದ್ದಾಗಲಿಲ್ಲ.

ಎರಡನೆಯದಾಗಿ, ದೋಷದ ಸಂಖ್ಯೆಯನ್ನು ಒಂದು ಕಾಗದದಲ್ಲಿ ತಪ್ಪಿಲ್ಲದೆ ಬರೆದುಕೊಳ್ಳಬೇಕು. ಇದು ಸೊನ್ನೆ ಮತ್ತು ಎಕ್ಸ್ ಅಕ್ಷರದಿಂದ ಮೊದಲಾಗುವುದು. ಮುಂದೆ ನಾವು ಕೊಡುವ ಸಂಖ್ಯೆಗಳಲ್ಲಿ ಈ ಆರಂಭವನ್ನು ಬಿಟ್ಟು ಉಳಿದುದನ್ನು ಹೇಳುವೆವು. ವೈದ್ಯನಿಗೆ ನಾಡಿಯು ಹೇಗೋ ಇದೂ ಹಾಗೆಯೇ. ರಿಪೇರಿಯವನನ್ನು ಕರೆದರೂ ಈ ಕಾಗದವು ಕೈಯಲ್ಲಿದ್ದರೆ ಅವನು ಊಹೆಯ ಮೇಲೆ ಕೆಲಸಮಾಡಬೇಕಾಗಿಲ್ಲ.

ಮೂರನೆಯದು ಗಡಿಯಾರ. ಇದನ್ನು ಕೇಳಿ ಕೆಲವರು ನಗಬಹುದು. ಆದರೆ ಹಳೆಯ ಯಂತ್ರಗಳಲ್ಲಿ ಈ ದೋಷವು ಬಹಳ. ನಮ್ಮ ಯಂತ್ರವು ಕಚೇರಿಯ ಯಂತ್ರದೊಡನೆ ಗುಟ್ಟಾಗಿ ಮಾತಾಡುವುದಕ್ಕೆ ಮುಂಚೆ ಅದರ ಪ್ರಮಾಣಪತ್ರವನ್ನು ಪರಿಶೀಲಿಸುವುದು. ಆ ಪತ್ರದಲ್ಲಿ ಇಂತಹ ದಿನದಿಂದ ಇಂತಹ ದಿನದವರೆಗೆ ಸಲ್ಲತಕ್ಕದ್ದೆಂದು ಬರೆದಿರುವುದು. ನಮ್ಮ ಯಂತ್ರದ ಗಡಿಯಾರವು ಹತ್ತು ವರ್ಷ ಹಿಂದಿದ್ದರೆ ಅದರ ಕಣ್ಣಿಗೆ ಆ ಪತ್ರವು ಇನ್ನೂ ಹುಟ್ಟಿಯೇ ಇಲ್ಲ. ಆದುದರಿಂದ ಮಾತೇ ನಡೆಯದೆ ೮೦೦೭೨ ಎಫ್ ೮ ಎಫ್ ಎಂಬ ದೋಷವು ಬರುವುದು. ಗಡಿಯಾರವು ಹಿಂದಕ್ಕೆ ಹೋಗುವುದೇಕೆ? ಯಂತ್ರವು ಆರಿರುವಾಗಲೂ ಕಾಲವನ್ನು ಎಣಿಸುವುದಕ್ಕಾಗಿ ಅದರೊಳಗೆ ನಾಣ್ಯದಂತಹ ಚಪ್ಪಟೆಯಾದ ಮೂರು ವೋಲ್ಟಿನ ಸಣ್ಣ ಬ್ಯಾಟರಿಯನ್ನು ಇಟ್ಟಿರುವರು. ಮೇಜಿನ ಯಂತ್ರಗಳಲ್ಲಿ ಸಾಧಾರಣವಾಗಿರುವುದು ಸಿಆರ್ ೨೦೩೨ ಎಂಬ ಬಗೆಯದು. ಕೆಲವು ವರ್ಷಗಳಲ್ಲಿ ಇದರ ಸತ್ತ್ವವು ಮುಗಿದುಹೋದರೆ, ಕರೆಂಟು ಹೋದಾಗಲೆಲ್ಲ ದಿನಾಂಕವು ಯಾವುದೋ ಹಳೆಯ ವರ್ಷಕ್ಕೆ ಹೊರಳುವುದು. ಕೆಲವೇ ಹತ್ತು ರೂಪಾಯಿಗಳ ಈ ಬ್ಯಾಟರಿಯ ದೋಷಕ್ಕೆ ಸಾವಿರಾರು ರೂಪಾಯಿ ತೆತ್ತು ಲೈಸೆನ್ಸನ್ನು ಕೊಳ್ಳುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತಾಗುವುದು.

ಗಡಿಯಾರವು ನೋಡುವುದಕ್ಕೆ ಸರಿಯಾಗಿದ್ದೂ ತಪ್ಪಾಗಿರುವುದುಂಟು. ಹೇಗೆಂದರೆ, ಹೊಸದಾಗಿ ವಿಂಡೋಸನ್ನು ಹಾಕಿದಾಗ ಕಾಲವಲಯವು ಅಮೆರಿಕದ ಪಶ್ಚಿಮ ತೀರದ್ದಾಗಿ ನಿಂತುಬಿಡಬಹುದು. ನಮ್ಮ ದೇಶದ ಕಾಲವು ಜಗತ್ತಿನ ಮೂಲಕಾಲಕ್ಕಿಂತ ಐದೂವರೆ ಗಂಟೆ ಮುಂದು. ಅಲ್ಲಿಯದು ಚಳಿಗಾಲದಲ್ಲಿ ಎಂಟು ಗಂಟೆ ಹಿಂದು. ಮನೆಯವರು ಮುಳ್ಳನ್ನು ಮಾತ್ರ ಕೈಯಿಂದ ತಿದ್ದಿ ವಲಯವನ್ನು ಹಾಗೆಯೇ ಬಿಟ್ಟರೆ, ಪರದೆಯ ಮೇಲೆ ಸರಿಯಾದ ವೇಳೆಯು ಕಂಡರೂ ಒಳಗಿನ ಲೆಕ್ಕದಲ್ಲಿ ಹದಿಮೂರೂವರೆ ಗಂಟೆಗಳ ತಪ್ಪು ಉಳಿಯುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ಹೇಳಿದುದು ಇಂತಹ ಸ್ಥಳಕ್ಕೇ. ‘ಟೈಮ್ ಅಂಡ್ ಲ್ಯಾಂಗ್ವೇಜ್’ ಎಂಬಲ್ಲಿ ‘ಚೆನ್ನೈ, ಕೋಲ್ಕತ್ತಾ, ಮುಂಬಯಿ, ನ್ಯೂಡೆಲ್ಲಿ’ ಎಂಬ ವಲಯವನ್ನು ಆರಿಸಬೇಕು. ಬೆಂಗಳೂರಿನ ಹೆಸರು ಅಲ್ಲಿಲ್ಲವೆಂದು ಚಿಂತಿಸಬೇಕಾದುದಿಲ್ಲ. ದೇಶಕ್ಕೆಲ್ಲ ಒಂದೇ ಕಾಲ. ಅನಂತರ ‘ಸಿಂಕ್ ನೌ’ ಎಂಬುದನ್ನು ಒತ್ತಿದರೆ ಯಂತ್ರವು ತಾನೇ ಅಂತರ್ಜಾಲದಿಂದ ವೇಳೆಯನ್ನು ಕೇಳಿ ತಿದ್ದಿಕೊಳ್ಳುವುದು.

ನಾಲ್ಕನೆಯದು ಸಂಪರ್ಕ. ಮನೆಯ ಇಂಟರ್ನೆಟ್ ನಡೆಯುತ್ತಿರುವುದೇ ಎಂದು ನೋಡಿ, ಸಂದೇಹವಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಮೂಲಕ ಒಮ್ಮೆ ಪ್ರಯತ್ನಿಸಬಹುದು. ಮೊಬೈಲಿನಲ್ಲಿ ಕೆಲಸವಾಗಿ ಮನೆಯ ತಂತಿಯಲ್ಲಿ ಆಗದಿದ್ದರೆ ದೋಷವು ಲೈಸೆನ್ಸಿನದಲ್ಲ, ಮಾರ್ಗದ್ದು. ಇದೇ ಶಾಸ್ತ್ರಕಾರರ ಅನ್ವಯ-ವ್ಯತಿರೇಕ ನ್ಯಾಯ. ಯಾವುದಿದ್ದರೆ ದೋಷವಿರುವುದೋ, ಯಾವುದಿಲ್ಲದಿದ್ದರೆ ದೋಷವಿಲ್ಲವೋ ಅದೇ ಕಾರಣ.

ಐದನೆಯದು ಕೀಲಿಯ ಅಕ್ಷರಗಳು. ಹಳೆಯ ಯಂತ್ರಗಳ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅಚ್ಚು ಮಾಸಿರುವುದರಿಂದ ಓದುವಾಗ ತಪ್ಪಾಗುವುದು ಸಹಜ. ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿದರೆ ಬಹಳ ಉಪಕಾರವಾಗುವುದು. ವಿಂಡೋಸಿನ ಕೀಲಿಯಲ್ಲಿ ಇಂಗ್ಲಿಷಿನ ಸ್ವರಾಕ್ಷರಗಳಾದ ಎ, ಇ, ಐ, ಓ, ಯು ಎಂಬುವು ಬರುವುದೇ ಇಲ್ಲ. ಎಲ್, ಎಸ್, ಜೆಡ್ ಎಂಬ ವ್ಯಂಜನಗಳೂ ಇಲ್ಲ. ಅಂಕೆಗಳಲ್ಲಿ ೦, ೧, ೫ ಇಲ್ಲ. ಎನ್ ಅಕ್ಷರವು ವಿಂಡೋಸ್ ೮ರಿಂದ ಈಚಿನ ಕೀಲಿಗಳಲ್ಲಿ ಮಾತ್ರ ಬರುವುದು. ಆದುದರಿಂದ ಸೊನ್ನೆಯಂತೆ ಕಂಡುದು ಡಿ ಅಥವಾ ಕ್ಯೂ ಆಗಿರಬೇಕು. ಐದರಂತೆ ಕಂಡುದನ್ನೂ ಎಸ್‌ನಂತೆ ಕಂಡುದನ್ನೂ ಭೂತಗನ್ನಡಿಯಿಂದ ಮತ್ತೆ ನೋಡಬೇಕು. ಬಿ ಮತ್ತು ೮, ಜಿ ಮತ್ತು ೬ ಇವೆರಡು ಜೋಡಿಗಳಲ್ಲಿ ಮಾತ್ರ ನಿಜವಾದ ಸಂದೇಹಕ್ಕೆ ಅವಕಾಶವುಂಟು. ಸಿ ೦೦೪ ಎಫ್ ೦೫೦ ಎಂಬ ದೋಷವು ಬಂದರೆ ಕೀಲಿಯು ಸಲ್ಲದೆಂದರ್ಥ. ಆಗ ಮೊದಲು ಅಕ್ಷರಶುದ್ಧಿಯನ್ನೇ ನೋಡತಕ್ಕದ್ದು.

ಆರನೆಯದು ಆವೃತ್ತಿ. ವಿಂಡೋಸಿನಲ್ಲಿ ‘ಹೋಮ್’, ‘ಪ್ರೊ’ ಎಂದು ಭೇದಗಳಿರುವುವು. ಹೋಮ್ ಆವೃತ್ತಿಯ ಲೈಸೆನ್ಸಿರುವ ಯಂತ್ರಕ್ಕೆ ರಿಪೇರಿಯವನು ಪ್ರೊ ಆವೃತ್ತಿಯನ್ನು ಹಾಕಿಹೋದರೆ ಗುರುತು ಹೊಂದಲಾರದು. ಸಿ ೦೦೪ ಎಫ್ ೨೧೨ ಎಂಬ ಸಂಖ್ಯೆಯು ಇದನ್ನೇ ಸೂಚಿಸುವುದು. ಯಾವ ಆವೃತ್ತಿಯು ಮೊದಲಿತ್ತೋ ಅದನ್ನೇ ಮರಳಿ ಹಾಕಿಸಿದರೆ ಸಾಕು. ಅದೇ ಯಂತ್ರದಲ್ಲಿ ಹಿಂದೊಮ್ಮೆ ಡಿಜಿಟಲ್ ಲೈಸೆನ್ಸು ಆಗಿದ್ದಲ್ಲಿ ಕೀಲಿಯನ್ನು ಕೇಳಿದಾಗ ‘ನನ್ನ ಬಳಿ ಕೀಲಿಯಿಲ್ಲ’ ಎಂಬುದನ್ನು ಆರಿಸಿ ಮುಂದುವರಿಯಬಹುದು. ಸಂಪರ್ಕವು ದೊರೆತ ಮೇಲೆ ಯಂತ್ರದ ಗುರುತು ತಾನಾಗಿ ಹೊಂದಿಕೊಳ್ಳುವುದು.

ಯಂತ್ರದ ಗುಂಡಿಗೆ ಬದಲಾದಾಗ

ಏಳನೆಯದು ಇವೆಲ್ಲಕ್ಕಿಂತ ಗಹನವಾದುದು. ಯಂತ್ರದ ಜ್ಞಾಪಕಶಕ್ತಿಯನ್ನು ಹೆಚ್ಚಿಸಿದರೆ ಅಥವಾ ಡಿಸ್ಕನ್ನು ಬದಲಿಸಿದರೆ ಸಾಮಾನ್ಯವಾಗಿ ತೊಂದರೆಯಾಗದು. ಎಲ್ಲ ಭಾಗಗಳಿಗೂ ಆಧಾರವಾದ ಮದರ್‌ಬೋರ್ಡು ಸುಟ್ಟುಹೋಗಿ ಹೊಸದನ್ನು ಹಾಕಿಸಿದರೆ, ಕಚೇರಿಯ ದಾಖಲೆಯ ಮಟ್ಟಿಗೆ ಅದು ಬೇರೆಯೇ ಒಂದು ಯಂತ್ರ. ಆಗ ೮೦೩ ಎಫ್ ೭೦೦೧ ಮುಂತಾದ ದೋಷಗಳು ಬರುವುವು. ಇಂತಹ ಸಂದರ್ಭದಲ್ಲಿ ನಮ್ಮ ಲೈಸೆನ್ಸು ಯಾವ ಜಾತಿಯದೆಂದು ತಿಳಿಯುವುದು ಅತ್ಯಗತ್ಯ.

ಲೈಸೆನ್ಸುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಯಂತ್ರವನ್ನು ತಯಾರಿಸಿದವರೇ ಹಾಕಿಕೊಟ್ಟುದು ಮೊದಲನೆಯದು. ಇದು ಆ ಯಂತ್ರದೊಡನೆ ಹುಟ್ಟಿ ಅದರೊಡನೆಯೇ ಮುಗಿಯುವುದು. ೨೦೧೨ರ ವಿಂಡೋಸ್ ೮ರಿಂದೀಚೆಗೆ ತಯಾರಕರು ಇದರ ಕೀಲಿಯನ್ನು ಯಂತ್ರದ ಒಳಗೇ ಬರೆದಿಡುವರು. ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಂಡುದು ಎರಡನೆಯದು. ಇದನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಆದರೆ ಏಕಕಾಲದಲ್ಲಿ ಎರಡರಲ್ಲಿ ಸಲ್ಲದು. ಹಾಗೆ ಹೆಚ್ಚು ಯಂತ್ರಗಳಲ್ಲಿ ಬಳಸಿದರೆ ಸಿ ೦೦೪ ಸಿ ೦೦೮ ಎಂಬ ದೋಷವು ತೋರುವುದು. ಮೂರನೆಯದು ದೊಡ್ಡ ಕಚೇರಿಗಳಿಗೂ ವಿದ್ಯಾಸಂಸ್ಥೆಗಳಿಗೂ ಸಗಟಾಗಿ ಕೊಡತಕ್ಕದ್ದು. ಅದರ ವಿಚಾರವನ್ನು ಮುಂದೆ ಹೇಳುವೆವು.

೨೦೧೬ರಿಂದ ವಿಂಡೋಸ್ ೧೦ರಲ್ಲಿ ಡಿಜಿಟಲ್ ಲೈಸೆನ್ಸನ್ನು ಯಜಮಾನನ ಮೈಕ್ರೋಸಾಫ್ಟ್ ಖಾತೆಗೆ ಸೇರಿಸುವ ಅನುಕೂಲವನ್ನು ಮಾಡಿರುವರು. ಹಾಗೆ ಸೇರಿಸಿದ್ದಲ್ಲಿ ಮದರ್‌ಬೋರ್ಡು ಬದಲಾದ ಮೇಲೆ ಆಕ್ಟಿವೇಷನ್ ಪುಟದ ‘ಟ್ರಬಲ್‌ಶೂಟ್’ ಎಂಬುದನ್ನು ತೆರೆದು, ‘ಈಚೆಗೆ ಯಂತ್ರದ ಭಾಗಗಳನ್ನು ಬದಲಿಸಿದೆನು’ ಎಂಬರ್ಥದ ವಾಕ್ಯವನ್ನು ಆರಿಸಿ, ಖಾತೆಯ ಗುಪ್ತಪದವನ್ನು ಕೊಟ್ಟು, ತೋರುವ ಯಂತ್ರಗಳಲ್ಲಿ ತಮ್ಮದನ್ನು ಗುರುತಿಸಬೇಕು. ಅರ್ಹತೆಯುಳ್ಳ ಲೈಸೆನ್ಸಾದರೆ ಮತ್ತೆ ಊರ್ಜಿತವಾಗುವುದು. ಆದರೆ ಖಾತೆಗೆ ಸೇರಿಸುವ ಕೆಲಸವನ್ನು ಬೋರ್ಡು ಕೆಡುವುದಕ್ಕೆ ಮುಂಚೆಯೇ ಮಾಡಿರಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವಿಲ್ಲ.

ನಾವು ಬಲ್ಲ ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡ ಕೆಲವು ತಿಂಗಳುಗಳಲ್ಲಿಯೇ ಅವರ ಗಣಕಯಂತ್ರದ ಬೋರ್ಡು ಕೆಟ್ಟಿತು. ಹೊಸ ಬೋರ್ಡನ್ನು ಹಾಕಿಸಿದಾಗ ಲೈಸೆನ್ಸಿನ ತಕರಾರು ಬಂದಿತು. ಖಾತೆಯು ಅವರ ಹೆಸರಿನಲ್ಲಿತ್ತು. ಗುಪ್ತಪದವು ಅವರೊಡನೆಯೇ ಹೋಗಿತ್ತು. ಅವರ ಪತ್ನಿಗೆ ಯಂತ್ರದ ಚಿಂತೆಗಿಂತ ಹೆಚ್ಚಾಗಿ, ಗಂಡನು ನ್ಯಾಯವಾಗಿ ಕೊಳ್ಳದ ವಸ್ತುವನ್ನು ಮನೆಯಲ್ಲಿಟ್ಟಿದ್ದರೇ ಎಂಬ ಕೊರಗು. ಕೊನೆಗೆ ವಿಮೆಯ ಪತ್ರಗಳ ನಡುವೆ ಅಂಗಡಿಯ ಬಿಲ್ಲೂ ಕೀಲಿಯನ್ನು ಅಚ್ಚುಮಾಡಿದ್ದ ಚೀಟಿಯೂ ಸಿಕ್ಕವು. ಅದು ಪ್ರತ್ಯೇಕವಾಗಿ ಕೊಂಡ ಲೈಸೆನ್ಸು. ಕೀಲಿಯನ್ನು ಮತ್ತೆ ಬರೆದೊಡನೆ ಯಂತ್ರವು ಒಪ್ಪಿಕೊಂಡಿತು. ಆ ತಾಯಿಯು ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡುದನ್ನು ನೋಡಿದಾಗ, ಒಂದು ಕಾಗದವು ಸತ್ತವರ ಮರ್ಯಾದೆಯನ್ನೂ ಕಾಯಬಲ್ಲುದೆಂದು ನಮಗೆ ಮನವರಿಕೆಯಾಯಿತು.

ಸಗಟು ಲೈಸೆನ್ಸಿನ ಮೋಸ

ಎಂಟನೆಯದಾಗಿ, ಮಾರಿದವನೇ ಮೋಸಮಾಡಿರುವ ಸಂದರ್ಭ. ಕಚೇರಿಗಳಿಗೆ ಕೊಡುವ ಸಗಟು ಲೈಸೆನ್ಸುಗಳಲ್ಲಿ ಕೆಎಂಎಸ್ ಎಂಬುದೊಂದು ಬಗೆ. ಪೆನ್ಷನ್‌ದಾರರು ವರ್ಷಕ್ಕೊಮ್ಮೆ ಜೀವಂತವಾಗಿರುವೆವೆಂಬ ಪ್ರಮಾಣಪತ್ರವನ್ನು ಕೊಡುವಂತೆ, ಈ ಬಗೆಯ ಯಂತ್ರಗಳು ತಮ್ಮ ಕಚೇರಿಯ ಹಿರಿಯ ಯಂತ್ರಕ್ಕೆ ಆಗಾಗ ಹಾಜರಿ ಹಾಕಬೇಕು. ಒಂದು ಸಾರಿ ದೊರೆತ ಒಪ್ಪಿಗೆಯು ೧೮೦ ದಿನಗಳು ಮಾತ್ರ ಸಲ್ಲುವುದು. ಇದಲ್ಲದೆ ಹಿರಿಯ ಯಂತ್ರವು ಕಡಮೆಯೆಂದರೆ ೨೫ ಯಂತ್ರಗಳು ಬಂದು ಕೇಳಿದ ಹೊರತು ಒಪ್ಪಿಗೆಯನ್ನೇ ಕೊಡುವುದಿಲ್ಲ. ಹೀಗಿರುವಲ್ಲಿ ಒಂದೇ ಯಂತ್ರವಿರುವ ಮನೆಗೆ ಈ ಲೈಸೆನ್ಸು ನ್ಯಾಯವಾಗಿ ಬರುವುದಾದರೂ ಹೇಗೆ? ಕೆಲವು ಅಂಗಡಿಗಳವರು ಯಂತ್ರವನ್ನು ಜೋಡಿಸಿಕೊಡುವಾಗ ಇಂತಹ ಪ್ರತಿಯನ್ನು ಹಾಕಿ, ಒಪ್ಪಿಗೆಯು ದೊರೆತಂತೆ ನಟಿಸುವ ಕಳ್ಳಸಾಧನವೊಂದನ್ನು ಒಳಗಿಟ್ಟು ಕಳುಹಿಸುವರು. ಆ ಸಾಧನವು ಕೆಟ್ಟಾಗ ಅಥವಾ ರಕ್ಷಣೆಯ ತಂತ್ರಾಂಶವು ಅದನ್ನು ಹಿಡಿದು ಅಳಿಸಿದಾಗ ಸಿ ೦೦೪ ಎಫ್ ೦೭೪ ಎಂಬ ದೋಷವು ಹೊರಬೀಳುವುದು. ಒಪ್ಪಿಗೆ ಕೊಡುವ ಹಿರಿಯ ಯಂತ್ರವನ್ನು ಮುಟ್ಟಲಾಗಲಿಲ್ಲವೆಂಬುದು ಇದರ ತಾತ್ಪರ್ಯ.

ಇದನ್ನು ಪರೀಕ್ಷಿಸುವುದು ಸುಲಭ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಗುಂಡಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರಗಳನ್ನು ಕೂಡಿಸಿ ಬರೆದು, ಸ್ವಲ್ಪ ಜಾಗ ಬಿಟ್ಟು, ಓರೆಗೆರೆಯೊಂದನ್ನು ಎಳೆದು, ಡಿ, ಎಲ್, ಐ ಎಂದು ಬರೆಯಬೇಕು. ಆಗ ತೋರುವ ವಿವರದಲ್ಲಿ ‘ಓಇಎಂ’ ಎಂದಿದ್ದರೆ ತಯಾರಕರದು, ‘ರೀಟೇಲ್’ ಎಂದಿದ್ದರೆ ಬಿಡಿಯಾಗಿ ಮಾರಿದುದು, ‘ವಾಲ್ಯೂಮ್’ ಎಂದಿದ್ದರೆ ಸಗಟಿನದು. ಹೊಸ ಯಂತ್ರವನ್ನು ಮನೆಗೆ ತಂದ ದಿನವೇ ಇದನ್ನು ನೋಡುವುದು ಜಾಣತನ. ಮನೆಯ ಯಂತ್ರದಲ್ಲಿ ‘ವಾಲ್ಯೂಮ್’ ಎಂದು ಕಂಡರೆ ಬಿಲ್ಲನ್ನು ತೆಗೆದುಕೊಂಡು ಅಂಗಡಿಯವನನ್ನೇ ಕೇಳಬೇಕು. ಅವನು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ೧೯೧೫ ಎಂಬ ದೂರವಾಣಿಗೆ ತಿಳಿಸಬಹುದು. ಅಂತರ್ಜಾಲದ ಮಾರುಕಟ್ಟೆಗಳಲ್ಲಿ ಕೆಲವೇ ನೂರು ರೂಪಾಯಿಗಳಿಗೆ ಮಾರುವ ಕೀಲಿಗಳಲ್ಲಿಯೂ ಇಂತಹ ಸಗಟಿನವು ಬಹಳ ಇರುವುವು. ಕಂಪೆನಿಯು ಅವನ್ನು ತಡೆಹಿಡಿದ ದಿನ ಸಿ ೦೦೪ ಸಿ ೦೦೩ ಎಂಬ ದೋಷವು ಬರುವುದು. ವಿಂಡೋಸ್ ೭ ಮತ್ತು ೮ರ ಹಳೆಯ ಕೀಲಿಗಳಿಂದ ಹೊಸ ವಿಂಡೋಸನ್ನು ತೆರೆಯುವ ಮಾರ್ಗವನ್ನೂ ೨೦೨೩ನೆಯ ಸೆಪ್ಟೆಂಬರಿನಲ್ಲಿ ಮುಚ್ಚಿದ್ದಾಗಿದೆ.

ಮಾಡಬಾರದುದು

ಲೈಸೆನ್ಸಿನ ಕಾಟವನ್ನು ಬಿಡಿಸುವ ಕಳ್ಳಸಾಧನಗಳನ್ನು ಧರ್ಮಾರ್ಥವಾಗಿ ಕೊಡುವೆವೆನ್ನುವವರು ಅಂತರ್ಜಾಲದಲ್ಲಿ ಬೇಕಾದಷ್ಟು ಜನರಿರುವರು. ಅವರು ಮೊದಲು ಕೇಳುವುದೇ ‘ಆಂಟಿವೈರಸ್ಸನ್ನು ನಿಲ್ಲಿಸಿ’ ಎಂದು. ಮನೆಯ ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆಯಿರೆಂದು ಹೇಳುವ ಅಪರಿಚಿತನನ್ನು ಯಾವ ಗೃಹಸ್ಥನು ಒಳಕ್ಕೆ ಬಿಟ್ಟಾನು? ಬ್ಯಾಂಕಿನ ವ್ಯವಹಾರವು ನಡೆಯುವ ಯಂತ್ರದಲ್ಲಿ ಇದಕ್ಕಿಂತ ದೊಡ್ಡ ಅವಿವೇಕವಿಲ್ಲ. ನಕಲಿಯೆಂದು ತಿಳಿದೂ ಬಳಸುವುದು ೧೯೫೭ರ ಹಕ್ಕುಸ್ವಾಮ್ಯದ ಶಾಸನದಂತೆ ಅಪರಾಧವೂ ಹೌದು. ಹಣಕ್ಕೆ ಅನುಕೂಲವಿಲ್ಲದವರಿಗೆ ಧರ್ಮಮಾರ್ಗವು ಮುಚ್ಚಿಲ್ಲ. ಲಿನಕ್ಸ್ ಎಂಬ ವ್ಯವಸ್ಥೆಯೂ ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶವೂ ಉಚಿತವಾಗಿ ದೊರೆಯುವುವು. ಅವು ಕೀಲಿಯನ್ನೂ ಕೇಳವು, ಹಾಜರಿಯನ್ನೂ ಕೇಳವು. ಕನ್ನಡದಲ್ಲಿ ಬರೆಯುವುದಕ್ಕೂ ಅವುಗಳಲ್ಲಿ ಅವಕಾಶವುಂಟು.

ಡಿಸ್ಕನ್ನು ಅಳಿಸಲು ಅವಸರದಿಂದ ಒಪ್ಪಬಾರದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯನ್ನು ನೆನೆಯುವುದು ಒಳ್ಳೆಯದು. ವಿಂಡೋಸ್ ೧೦ ಮತ್ತು ೧೧ರಲ್ಲಿ ಆಕ್ಟಿವೇಷನ್ ತಪ್ಪಿದ ಮಾತ್ರಕ್ಕೆ ನಿಮ್ಮ ಪತ್ರಗಳಾಗಲಿ ಚಿತ್ರಗಳಾಗಲಿ ನಾಶವಾಗುವುದಿಲ್ಲ. ಪರದೆಯ ಬಣ್ಣ, ಹಿನ್ನೆಲೆಯ ಚಿತ್ರ ಮುಂತಾದ ಅಲಂಕಾರಗಳನ್ನು ಬದಲಿಸ ಬಿಡದೆ, ಮೂಲೆಯಲ್ಲಿ ಸೂಚನೆಯನ್ನು ತೋರಿಸುತ್ತಲೇ ಯಂತ್ರವು ಕೆಲಸಮಾಡುತ್ತಿರುವುದು. ಆದುದರಿಂದ ಪರೀಕ್ಷೆಗೆ ಬೇಕಾದಷ್ಟು ಕಾಲವುಂಟು.

ಮನೆಯ ದಫ್ತರ

ಇಷ್ಟು ತೊಂದರೆಗೂ ಮೊದಲ ಮದ್ದು ಮನೆಯ ದಫ್ತರವೇ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಯಂತ್ರವನ್ನು ಕೊಂಡ ದಿನಾಂಕ, ವಿಂಡೋಸಿನ ಆವೃತ್ತಿ, ಲೈಸೆನ್ಸಿನ ಜಾತಿ, ಕೀಲಿಯಿದ್ದರೆ ಅದರ ಅಕ್ಷರಗಳು, ಯಾವ ಖಾತೆಗೆ ಸೇರಿಸಿದೆಯೆಂಬುದು, ಇಷ್ಟನ್ನೂ ಬರೆದು ಬಿಲ್ಲನ್ನು ಅದರೊಳಗಿಡಬೇಕು. ಚೀಟಿಯ ಅಚ್ಚು ಮಾಸುವುದಕ್ಕೆ ಮುಂಚೆ ಅದರ ಚಿತ್ರವನ್ನು ತೆಗೆದಿಡಬೇಕು. ಖಾತೆಯು ದೂರದೇಶದಲ್ಲಿರುವ ಮಗನ ಹೆಸರಿನಲ್ಲಿದ್ದರೆ ಹಾಗೆಂದು ಬರೆದಿಡಬೇಕು. ಗುಪ್ತಪದವನ್ನು ಆ ಪುಸ್ತಕದಲ್ಲಿ ಬರೆಯದೆ, ಬೀಗದ ಪೆಟ್ಟಿಗೆಯಲ್ಲಿ ಬೇರೆಯಾಗಿಟ್ಟು, ಅದಿರುವ ಸ್ಥಳವನ್ನು ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿಸಿರಬೇಕು. ಸಾಮಾನ್ಯವಾಗಿ ಯಜಮಾನನೊಬ್ಬನೇ ಇವುಗಳನ್ನು ತಲೆಯಲ್ಲಿಟ್ಟುಕೊಂಡಿರುವನು. ತಲೆಯು ಒಳ್ಳೆಯ ದಫ್ತರವಲ್ಲ.

ಗಡಿಯಾರ, ಸಂಪರ್ಕ, ಅಕ್ಷರ, ಆವೃತ್ತಿ, ಯಂತ್ರಭಾಗ, ಲೈಸೆನ್ಸಿನ ಜಾತಿ ಎಂಬ ಈ ಕ್ರಮದಲ್ಲಿ ನೋಡುತ್ತ ಹೋದರೆ ಹೆಚ್ಚಿನ ತಕರಾರುಗಳ ಮೂಲವು ಒಂದು ಸಂಜೆಯಲ್ಲಿ ಗೊತ್ತಾಗುವುದು. ಎಲ್ಲವೂ ಸರಿಯಾಗಿದ್ದೂ ದೋಷವು ನಿಂತಿದ್ದರೆ ಒಂದು ದಿನ ಕಾದು ನೋಡಿ, ಆ ಬಳಿಕ ಬಿಲ್ಲಿನೊಡನೆ ಕಂಪೆನಿಯ ಸಹಾಯಕರನ್ನು ಕೇಳಬೇಕು. ನಿಜವಾಗಿಯೂ ಮೋಸದ ಪ್ರತಿಯೆಂದು ತಿಳಿದುಬಂದರೆ ಅದನ್ನು ತೆಗೆದು ನ್ಯಾಯವಾದುದನ್ನು ಹಾಕಿಸುವುದು ಗೃಹಸ್ಥಧರ್ಮ. ನಿದಾನವು ಮುಗಿಯುವ ತನಕ ಹಣದ ಚೀಲವನ್ನು ಬಿಚ್ಚದಿರುವುದೂ ಅದೇ ಧರ್ಮಕ್ಕೆ ಸೇರಿದುದೆಂದು ನಮ್ಮ ಅಭಿಪ್ರಾಯ.